ಮಸಿಯ ಕೆಳಗಿನ ಸಾಲು

"ಆ ಸಾಲು ಹೊರಗೆ ತೆಗೀಬೇಡ ನಾಯನಾ. ಮುಚ್ಚಿದ್ದು ನಾನೇ."

ವಿಶಾಖಪಟ್ಟಣದ ವಿಧಿವಿಜ್ಞಾನ ಪ್ರಯೋಗಾಲಯದ ಬಾಗಿಲಲ್ಲಿ ಮುದುಕಿ ಸೀತಾಮಹಾಲಕ್ಷ್ಮಿ ಕೈಮುಗಿದು ನಿಂತಿದ್ದಳು. ಬಳ್ಳಾರಿಯಲ್ಲಿ ಹುಟ್ಟಿ ಅನಕಾಪಲ್ಲಿಗೆ ಸೊಸೆಯಾಗಿ ಬಂದವಳು; ಮಗನ ವಯಸ್ಸಿನವರನ್ನೆಲ್ಲ ತೆಲುಗರಂತೆ 'ನಾಯನಾ' ಎಂದೇ ಕರೆಯುವಳು. ಅವಳ ಮಾವ ಈಶ್ವರಯ್ಯ ಮಾಟಗಾರ. ಆತ ಬರೆದಿಟ್ಟು ಸತ್ತ ಉಯಿಲಿನ ಕೊನೆಯ ಸಾಲಿನ ಮೇಲೆ ನೀಲಿ ಬಾಲ್‌ಪೆನ್ನು ಗೀಚಿ ಗೀಚಿ ಕಾಗದವೇ ಸವೆದಿತ್ತು. ಮನೆ ತನಗೆಂದು ಅಲ್ಲಿ ಬರೆದಿದೆ ಎಂದು ಮೈದುನ ಕೋರ್ಟು ಹತ್ತಿದ್ದ; ಕೋರ್ಟು ಆ ಕಾಗದವನ್ನು ಇಲ್ಲಿಗೆ ಕಳಿಸಿತ್ತು.

"ನಮ್ಮ ಯಜಮಾನ್ರು ಅದನ್ನ ಓದಿದ್ರು. ಅತ್ತೆ ಅವರನ್ನ ಹೆಸರು ಹಿಡಿದು ಕರೆದ್ರು, ಅಷ್ಟೇ. ಅತ್ತೆ ಅಲ್ಲೇ ಬಿದ್ದೋದ್ರು, ಬಾಯಿ ತುಂಬಾ ಕಾಡಿಗೆ. ಆ ಕೊರಗಲ್ಲೇ ಇವರೂ ಹೋದ್ರು."

ತುಮಕೂರಿನಿಂದ ಬಂದು ಆರು ವಾರವಾಗಿದ್ದ ದಾಖಲೆ ಪರೀಕ್ಷಕ ನಿರಂಜನ ನಕ್ಕ. "ನನ್ನ ಕ್ಯಾಮೆರಾಗೆ ಮಾಟ ಗೊತ್ತಿಲ್ಲಮ್ಮಾ. ಇಂಕು ಮಾತ್ರ ಗೊತ್ತು."

ಅವಳು ಹೊರಗಿನ ಬೆಂಚಿನಲ್ಲಿ ಕುಳಿತಳು. ಮನೆಗೆ ಹೋಗಲಿಲ್ಲ.

ನಿರಂಜನ ಪರದೆ ಎಳೆದು ಕೋಣೆ ಕತ್ತಲಾಗಿಸಿದ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಕಾಗದದ ಮೇಲೆ ಹಾಯಿಸಿದ. ಮಾನಿಟರಿನಲ್ಲಿ ಬಾಲ್‌ಪೆನ್ನಿನ ನೀಲಿ ಮಂಜಿನಂತೆ ಕರಗಿತು. ಅಡಿಯಲ್ಲಿದ್ದದ್ದು ದೀಪದ ಮಸಿಯಲ್ಲಿ ಬರೆದ ಬರಹ. ಅದು ಕರಗಲಿಲ್ಲ, ಇನ್ನೂ ಕಪ್ಪಾಗಿ ಎದ್ದು ನಿಂತಿತು. ತೆಲುಗು ಅಕ್ಷರ ಕನ್ನಡಕ್ಕೆ ದೂರವೇನಲ್ಲ. ತುಟಿಯಾಡಿಸುತ್ತ ಓದಿದ.

'ಇದನ್ನು ಓದಿದವನನ್ನು ಮೊದಲು ಹೆಸರು ಹಿಡಿದು ಕರೆದವರ ಉಸಿರು ನನ್ನದು.'

ಆರಿದ ಎಣ್ಣೆಬತ್ತಿಯ ಕಮಟು ವಾಸನೆ. ಯಂತ್ರದ ಗುಂಯ್‌ಗುಡುವಿಕೆ ನಿಂತಿತು. ಕೈಗವಸು ಕಳಚಿದ. ಒಳಗೆ, ಹತ್ತು ಬೆರಳುಗಳ ತುದಿಯೂ ಕಪ್ಪು. ಯಾರೋ ಕಿವಿಯ ಹಿಂದೆಯೇ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನಿಧಾನ. ಭಾರ.

ಪ್ರತೀಕ್ಷಾ! ಏಳು ತಿಂಗಳ ಬಸುರಿ ಹೆಂಡತಿ ಊಟದ ಡಬ್ಬಿ ತಂದಿದ್ದಳು. ಬಾಗಿಲಿಗೆ ಬಂದೊಡನೆ ಅವಳು ಕರೆಯುವುದು ಅವನ ಹೆಸರನ್ನೇ.

ಬೇಡ ಎಂದು ಕೂಗಲು ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಗಂಟಲಲ್ಲಿ ಮಸಿ. ಓಡಿದ. ಕುರ್ಚಿ ಉರುಳಿತು. ಬಾಗಿಲು ಎಳೆದ. ಎದುರಿಗೆ ಪ್ರತೀಕ್ಷಾ. ನಗು. ತುಟಿ ತೆರೆಯಿತು.

"ನಿ—"

"ನಿರಂಜನಾ!"

ಬೆಂಚಿನಿಂದ ಎದ್ದು ನಿಂತಿದ್ದಳು ಸೀತಾಮಹಾಲಕ್ಷ್ಮಿ. ಅವನ ಕಪ್ಪು ಬೆರಳು ಕಂಡಿದ್ದಳು. ಕೋಟಿನ ಮೇಲಿನ ಹೆಸರು ಓದಿದ್ದಳು. ಮರುಕ್ಷಣ ಕುಸಿದಳು. ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತುಟಿಯಂಚಿನಿಂದ ಕಾಡಿಗೆ ಇಳಿಯುತ್ತಿತ್ತು.

"ಅವತ್ತು ಅತ್ತೆ ಕರೆಯೋಕ್ ಮುಂಚೇನೇ ಆ ಸಾಲಿನ ಮಾಟ ಮಾವನ ಬಾಯಿಂದ ನನಗೆ ಗೊತ್ತಿತ್ತು, ನಾಯನಾ," ಎಂದಳು ಕ್ಷೀಣವಾಗಿ. "ಸುಮ್ಮನಿದ್ದುಬಿಟ್ಟೆ."

ಅಲ್ಲಿಗೆ ಅವಳ ಉಸಿರು ನಿಂತಿತು.

ನಿರಂಜನ ಚಿತ್ರ ಅಳಿಸಿದ. ವರದಿಯಲ್ಲಿ 'ಓದಲಾಗಲಿಲ್ಲ' ಎಂದು ಬರೆದು ಸಹಿ ಹಾಕಿದ; ಅವನ ಜೀವಮಾನದ ಮೊದಲ ಸುಳ್ಳು ವರದಿ. ಆ ಕೆಲಸವನ್ನೇ ಬಿಟ್ಟು ವಿಜಯವಾಡಕ್ಕೆ ಹೋದ. ಮಗಳು ಹುಟ್ಟಿದಳು, ಚೆನ್ನಾಗಿದ್ದಾಳೆ. ಆದರೆ ಅಲ್ಲಿಯ ಬೆಂಜ್ ಸರ್ಕಲ್ಲಿನ ಹಾರ್ನುಗಳ ನಡುವೆ ಪ್ರತೀಕ್ಷಾ ಅವನನ್ನು ಕರೆದರೆ, ಅವನಿಗೆ ಕೇಳುವುದು ಅವಳ ದನಿಯಲ್ಲ. ಆ ಮುದುಕಿಯದು.