ಗೋರೆಗಾಂವಿನ ಖಾಲಿ ಚೀಟಿ

“ಪ್ರಯಾಣ ಸುಖ ಆಯ್ತಾ ಮೇಡಂ?”

ಎರಡು ವರ್ಷ ಪ್ರತಿ ಶನಿವಾರ ಫೋನಿನಲ್ಲಿ ಗಂಟೆಗಟ್ಟಲೆ ಹರಟಿದ ಮನುಷ್ಯ, ದಾದರ್ ಸ್ಟೇಷನ್ನಿನಲ್ಲಿ ಮೊದಲ ಬಾರಿ ಎದುರಾಗಿ ಕೇಳಿದ್ದು ಇಷ್ಟೇ. ಅವರ ಹಿಂದೆ ಕನ್ನಡ ಸಂಘದ ಮೂವರು ಪದಾಧಿಕಾರಿಗಳು ಹೂಗುಚ್ಛ ಹಿಡಿದು ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು.

ರಮಾನಾಥ ಉಡುಪಿ ಕಡೆಯವರು, ಮುಂಬಯಿಯ ಫೋರ್ಟಿನಲ್ಲಿ ಹೋಟೆಲ್ ನಡೆಸುತ್ತಾರೆ. ತಂಗಿಯರ ಮದುವೆ ಮಾಡುವ ಗಡಿಬಿಡಿಯಲ್ಲಿ ತಮ್ಮದನ್ನು ಮರೆತವರು. ನಾನು ಅನುರಾಧಾ. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಪ್ರೇಮಕಥೆ ಬರೆಯುತ್ತೇನೆ, ಮೂವತ್ತೊಂಬತ್ತಾದರೂ ಒಂಟಿ. ನನ್ನದೊಂದು ಕಥೆ ಓದಿ ಅವರು ಫೋನ್ ಮಾಡಿದ್ದೇ ಶುರು, ಮಾತು ಬೆಳೆಯಿತು. ಈಗ ಅವರ ಕನ್ನಡ ಸಂಘದ ಗೋಷ್ಠಿಗೆ ಕರೆದಿದ್ದರು. ಗೋಷ್ಠಿ ಬರೀ ನೆಪ ಎಂದು ನಂಬಿ, ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದೆ. ಭಾನುವಾರ ಸಂಜೆ ರೈಲು ಹತ್ತುವುದರೊಳಗೆ ಅವರ ಮನಸ್ಸು ತಿಳಿಯಬೇಕು. ಇಲ್ಲವಾದರೆ ಈ ಫೋನಿನ ಹುಚ್ಚನ್ನೇ ಬಿಡಬೇಕು.

ಶನಿವಾರವಿಡೀ ಪದಾಧಿಕಾರಿಗಳು ಬೆನ್ನು ಬಿಡಲಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಕೂತಾಗ ರಮಾನಾಥ ತಾವೇ ಬಡಿಸಿದರು. ನನ್ನ ಎಲೆಯ ಮುಂದೆ ಬಂದಾಗ ಮಾತ್ರ ಸೌಟು ನಿಧಾನ. ನಾನು ತಲೆ ಎತ್ತಿದರೆ ಅವರ ಕಣ್ಣು ಸಾರಿನ ಪಾತ್ರೆಗೆ ಓಡುತ್ತಿತ್ತು.

“ಎಷ್ಟ್ ಹಾಕ್ತೀರಿ?”

“ಸಾಕು ಅಂತ ನೀವು ಹೇಳ್ಲೇ ಇಲ್ಲ ಮಾರಾಯ್ರೆ.”

“ಎಲ್ಲಾ ನಾನೇ ಹೇಳಬೇಕೇನ್ರಿ?”

ಅವರ ಕಿವಿ ಕೆಂಪಾಯಿತು. ನನಗೆ ಅಷ್ಟೇ ಸಾಕಾಗಿ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮರುದಿನ ಗೋರೆಗಾಂವಿನ ಸಭಾಂಗಣ. ರಮಾನಾಥರದೇ ನಿರ್ವಹಣೆ. ಸಭಿಕರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾ, ಕೊನೆಯದನ್ನು ಬಿಡಿಸಿ ಸ್ವಲ್ಪ ತಡೆದರು.

“ನಿಮ್ಮ ಕಥೆಯ ಗಂಡಸರು ಮನಸ್ಸಿನಲ್ಲಿರುವುದನ್ನು ಯಾಕೆ ಹೇಳುವುದಿಲ್ಲ?”

ಪಕ್ಕದಲ್ಲೇ ಕೂತಿದ್ದೆನಲ್ಲ, ಇಣುಕಿದೆ. ಚೀಟಿ ಖಾಲಿ. ಒಂದಕ್ಷರವೂ ಇರಲಿಲ್ಲ.

ಮೈಕ್ ಹತ್ತಿರ ಎಳೆದುಕೊಂಡೆ. “ಅವರಿಗೆ ಅಂಜಿಕಿ ಇರ್ತದರಿ. ಆದ್ರ ಆಕಿನೂ ಅಂಜಿಕೋತ ಕುಂತಿರ್ತಾಳ. ಅದು ಅವರಿಗೆ ಗೊತ್ತಿರೂದಿಲ್ಲ.”

ಸಭೆ ಚಪ್ಪಾಳೆ ತಟ್ಟಿತು. ನಿರ್ವಾಹಕರು ವಂದನಾರ್ಪಣೆಗೆ ಯಾರದೋ ತಪ್ಪು ಹೆಸರು ಕರೆದರು.

ಸಂಜೆ ದಾದರಿಗೆ ಬಿಡಲು ಅವರೊಬ್ಬರೇ ಬಂದರು. ರೈಲು ಬರುವವರೆಗೂ ಇಬ್ಬರೂ ಮುಂಬಯಿಯ ಸೆಕೆಯ ಬಗ್ಗೆ ಮಾತಾಡಿದೆವು. ಹೊತ್ತು ಜಾರುತ್ತಿತ್ತು. ಹತ್ತಿ ಕೂತು, ಕಿಟಕಿಯ ಸರಳು ಹಿಡಿದು ನಾನೇ ಕೆದಕಿದೆ.

“ಚೀಟಿ ಖಾಲಿ ಇತ್ತಲ್ರೀ?”

“ನೋಡಿದ್ರಾ?” ಅವರು ನೆಲ ನೋಡಿದರು. “ಅಷ್ಟು ಜನರ ಎದುರು ಹೆದರಿಕೆ ಆಗ್ಲಿಲ್ಲ. ಈಗ ಆಗ್ತದೆ. ನಂಗೆ ಹೋಟೆಲ್ ಬಿಟ್ಟು ಬರ್ಲಿಕ್ಕಾಗುದಿಲ್ಲ. ಕಾಲೇಜು, ಊರು ಎಲ್ಲ ಬಿಟ್ಟು ನೀವು ಬನ್ನಿ ಅಂತ ಯಾವ ಬಾಯಲ್ಲಿ ಕೇಳುದು?”

“ನೀವು ಕೇಳದ ನಾ ಹೆಂಗ ಹೂಂ ಅನ್ಲಿ?”

ರೈಲು ಅಲುಗಿತು. ಹದಿನಾಲ್ಕು ವರ್ಷದ ನೌಕರಿ, ಧಾರವಾಡದ ಮಾಳಮಡ್ಡಿಯ ಬಾಡಿಗೆ ಮನೆ, ಅದರ ಅಂಗಳದ ದಾಸವಾಳ ಎಲ್ಲ ಕಣ್ಣೆದುರು ಬಂದವು. ಬಿಡುವುದು ಸುಲಭವಿರಲಿಲ್ಲ. ಆದರೂ ಅವರು ಕೇಳಲಿ, ದೇವರೇ, ಒಮ್ಮೆ ಕೇಳಲಿ ಎಂದು ಜೀವ ಹಂಬಲಿಸಿತು.

ಅವರು ಕಿಟಕಿಯ ಜೊತೆ ನಡೆಯತೊಡಗಿದರು. ಆಮೇಲೆ ಓಡಿದರು.

“ಬರ್ತೀರಾ?”

“ಹೂಂ!”

ಹಾರ್ನ್ ಕೂಗಿತು. ಅವರು ಹಿಂದೆ ಉಳಿದರು. ಎದುರು ಸೀಟಿನ ಅಜ್ಜಿ ಮುಂದೆ ಬಾಗಿದಳು. “ಅವ್ರಿಗೆ ಕೇಳಿಸ್ತೇನವಾ?”

ಸರಳಿಗೆ ಕೆನ್ನೆ ಒತ್ತಿ ಹಿಂದೆ ನೋಡಿದೆ. ಅಷ್ಟು ಜನರ ನಡುವೆ ರಮಾನಾಥ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿ ನಗುತ್ತಿದ್ದರು.

“ಕೇಳಿಸ್ತರಿ,” ಎಂದೆ.