ಗೋಷಾ ಪರದೆಯ ಆಚೆ

ವಾರಸುದಾರರ ವಿವರ ಕೇಳಿ ಬರೆದುಕೊಳ್ಳುವುದರಲ್ಲಿ ನನ್ನಷ್ಟು ಪಳಗಿದ ವಕೀಲರ ಗುಮಾಸ್ತ ಯಶವಂತಪುರದಲ್ಲಿ ಇನ್ನೊಬ್ಬನಿರಲಿಲ್ಲ. ಎಂಬತ್ತೆರಡರ ಬೇಸಿಗೆಯಲ್ಲಿ, ಲಾರಿಗೆ ಸಿಕ್ಕಿ ಸತ್ತ ಸರ್ದಾರ್ ಎಂಬುವನ ಪರಿಹಾರದ ಕೇಸಿಗೆಂದು ಚಿಕ್ಕಬಾಣಾವರದ ಅವನ ಮನೆಗೆ ಹೋದೆ. ಗೋಷಾ ಪಾಲಿಸುವ ಮನೆಯೆಂದುಕೊಂಡೆ; ಅವನ ತಾಯಿ ಪರದೆಯ ಹಿಂದಿನಿಂದಲೇ ಮಾತಾಡಿದರು, ಅದರಡಿಯಿಂದಲೇ ಬಿಸಿ ಚಹಾ ಸರಿಸಿದರು. ಹೊರಗೆ ಸುಡುಬಿಸಿಲು, ನಾನು ಕೂತ ನೆಲ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

"ಸೊಸೆ ನಜ್ಮುನ್ನೀಸಾ ಬಸುರಿ. ಹುಟ್ಟೋ ಮಗೂನೂ ಸೇರಿಸ್ಕೊಳ್ಳಪ್ಪಾ."

ಬರೆದುಕೊಂಡೆ. ಅಷ್ಟರಲ್ಲಿ ನಜ್ಮುನ್ನೀಸಾ ನೀರಿನ ಕೊಡ ಹೊತ್ತು ಬೀದಿಯಿಂದ ಬಂದರು.

"ನಿಮ್ಮತ್ತೆ ಎಲ್ಲಾ ಹೇಳಿದ್ರಮ್ಮ, ನೀವು ಬಸುರಿ ಅನ್ನೋದನ್ನೂ," ಎಂದೆ.

ಕೊಡ ಕೆಳಗಿಟ್ಟು ಆಕೆ ಪರದೆ ಸರಿಸಿದರು. ಒಳಗೆ ಯಾರೂ ಇರಲಿಲ್ಲ. ಒಲೆಯಲ್ಲಿ ತಣ್ಣನೆಯ ಬೂದಿ.

"ಅತ್ತೆ ತೀರ್ಕೊಂಡು ವರ್ಷಗಳಾದ್ವು ಸಾಬ್. ಬಸುರಿ ಅಂತ ನಾನಿನ್ನೂ ಯಾರಿಗೂ ಹೇಳಿಲ್ಲ."

ನನ್ನ ಕೈಯಲ್ಲಿದ್ದ ಚಹಾ ಇನ್ನೂ ಹಬೆಯಾಡುತ್ತಿತ್ತು.