ಬಲಗಡೆಯ ಆಂಪ್

ತಪ್ಪು ನನ್ನದೇ ಇರಬಹುದೆಂದು ವೈರುಗಳನ್ನೆಲ್ಲ ಮತ್ತೆ ಮತ್ತೆ ನೋಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವನು ನಾನೊಬ್ಬನೇ. ಡ್ರಮ್ಸ್ ಬಾರಿಸುವ ಭಾವ ಒಂದು ದಿನ ಎಲ್ಲರೆದುರೇ ರೇಗಿದರು: "ಏನೋ ಇದು, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ! ಶನಿವಾರದ ಶೋ ಹೊತ್ತಿಗೆ ಸೌಂಡು ತುಂಬಿಸು, ಇಲ್ಲಾಂದ್ರೆ ಬೇರೆಯವನ್ನ ಕರೀತೀವಿ."

ಅದಕ್ಕೇ ಗಿಟಾರಿನ ದನಿ ಜೋರು ಮಾಡುವ ಹಳೆಯ ಆಂಪ್ ಪೆಟ್ಟಿಗೆಯೊಂದನ್ನು ಕೊಂಡು ತಂದು ಬಲಗಡೆ ಇಟ್ಟೆ; ಮೊದಲಿದ್ದದ್ದು ಎಡಗಡೆಗೆ. ಒಂದೇ ಗಿಟಾರಿನ ದನಿ ಎಡಗಡೆಯ ಆಂಪ್‌ನಿಂದ ನೇರವಾಗಿಯೂ ಬಲಗಡೆಯದರಿಂದ ಕೂದಲೆಳೆಯಷ್ಟು ತಡವಾಗಿಯೂ ಬಂದರೆ ಇಬ್ಬರು ನುಡಿಸಿದಂತೆ ಕೇಳುತ್ತದೆ.

ಆದರೆ ಮಧ್ಯಾಹ್ನದ ಅಭ್ಯಾಸದಲ್ಲಿ ಬಲಗಡೆಯ ದನಿ ತಡವಾಗಲಿಲ್ಲ. ನನ್ನ ಬೆರಳು ತಂತಿ ಮುಟ್ಟುವ ಮೊದಲೇ ಬಂತು. ನಾನು ತಪ್ಪಿದ ಕಡೆ ಅದು ತಪ್ಪಲಿಲ್ಲ. ಅಷ್ಟು ಹೊತ್ತು ನುಡಿದ ಆಂಪ್ ಬಿಸಿಯಾಗಿರಬೇಕಿತ್ತು. ಮುಟ್ಟಿದರೆ ಒದ್ದೆ ಕಲ್ಲಿನಂತೆ ತಣ್ಣಗಿತ್ತು.

ಹೆದರಿ, ಹಾಡಿನ ನಡುವೆಯೇ ಗಿಟಾರಿನಿಂದ ವೈರು ಕಿತ್ತೆ. ಎಡಗಡೆಯದು ಸುಮ್ಮನಾಯಿತು. ಬಲಗಡೆಯದು ಹಾಡು ಮುಗಿಯುವವರೆಗೂ ನುಡಿಯಿತು.

"ಭಾವ, ನಾನು ನುಡಿಸ್ತಾ ಇರ್ಲಿಲ್ಲ," ಎಂದೆ, ವೈರು ಎತ್ತಿ ತೋರಿಸುತ್ತ.

ಭಾವ ಕತ್ತಿನ ಬೆವರು ಒರೆಸಿಕೊಂಡರು. "ಗೊತ್ತು, ನೋಡ್ತಾನೇ ಇದ್ದೆ. ನೀನು ನಿಲ್ಲಿಸಿದ ಮೇಲೇನೇ ಹಾಡು ಸರಿಹೋಗಿದ್ದು."

ಶನಿವಾರ ನನ್ನನ್ನು ಕರೆಯಲಿಲ್ಲ. ಬೇರೆ ಯಾರನ್ನೂ ಕರೆಯಲಿಲ್ಲ. ಭಾವ ಮನೆಗೆ ಬಂದು ಆ ಆಂಪ್ ಒಂದನ್ನೇ ಎತ್ತಿಕೊಂಡು ಹೋದರು. ಶೋ ನೋಡಿ ಬಂದ ಅಕ್ಕ, "ಗಿಟಾರು ಎಷ್ಟು ತುಂಬಿ ಬಂತು ಗೊತ್ತಾ!" ಎಂದಳು, ನನ್ನ ಮುಖ ನೋಡದೆ.

ನನ್ನ ಗಿಟಾರು ಸಂಜೆಯೆಲ್ಲ ಗೋಡೆಯ ಮೇಲೇ ಇತ್ತು. ಇಳಿಸಿ ನೋಡಿದೆ. ತಂತಿಗಳು ಬೆಚ್ಚಗಿದ್ದವು.